ಅಮೆರಿಕದ ಇತಿಹಾಸದಲ್ಲಿ ಯಾವ ದಶಕ?

(ಶತಮಾನೋತ್ಸವ ಉಪನ್ಯಾಸಮಾಲೆಯಲ್ಲಿ ಶಾಲೆಯ ಹಳೆ ವಿದ್ಯಾರ್ಥಿ, ನಿವೃತ್ತ ಇತಿಹಾಸ ಪ್ರಾಧ್ಯಾಪಕರೊಬ್ಬರು ಮಾಡಿದ ಭಾಷಣದ ಲಿಖಿತ ರೂಪ)



ಈ ಶಾಲೆಯ ಚರಿತ್ರೆಯನ್ನು ನನಗಿಂತ ಚೆನ್ನಾಗಿ ಬಲ್ಲ ಹಿರಿಯರು ಸಭೆಯಲ್ಲಿದ್ದಾರೆ. ಆದುದರಿಂದ ಸಮಿತಿಯವರು ನನ್ನನ್ನು ಆ ಭಾರದಿಂದ ಬಿಡುಗಡೆಗೊಳಿಸಿ, "ತಾವು ಮೂವತ್ತೊಂದು ವರ್ಷ ಕಾಲೇಜಿನಲ್ಲಿ ಪಾಠಮಾಡಿದ ವಿಷಯವನ್ನೇ ಮಾತನಾಡಿ" ಎಂದು ಅಪ್ಪಣೆ ಕೊಟ್ಟರು. ಆ ವಿಷಯ ಅಮೆರಿಕ ಸಂಯುಕ್ತ ಸಂಸ್ಥಾನದ ಇತಿಹಾಸ. ಕಾಸರಗೋಡಿನ ಕನ್ನಡ ಶಾಲೆಯೊಂದರ ನೂರನೆಯ ವರ್ಷದಲ್ಲಿ ಅಮೆರಿಕವೇಕೆ ಎಂದು ಯಾರಾದರೂ ಕೇಳಿದರೆ, ನಾನು ಅಮೆರಿಕವನ್ನು ಮೊದಲು ಕಂಡದ್ದೇ ಈ ಶಾಲೆಯ ಅಡುಗೆಕೋಣೆಯಲ್ಲಿ ಎಂದು ಉತ್ತರ ಕೊಡಬೇಕಾಗುತ್ತದೆ.

ನಾನು ಒಂದನೆಯ ತರಗತಿಗೆ ಸೇರಿದ್ದು 1964ರಲ್ಲಿ. ಆ ಕಾಲದಲ್ಲಿ ಮಧ್ಯಾಹ್ನ ಇಲ್ಲಿ ಬಡಿಸುತ್ತಿದ್ದುದು ಕೇರ್ ಸಂಸ್ಥೆಯ ಹಳದಿ ಹುಡಿಯ ಸಜ್ಜಿಗೆ. ಹುಡಿ ಬರುತ್ತಿದ್ದ ಚೀಲದ ಮೇಲೆ ಒಂದನ್ನೊಂದು ಹಿಡಿದ ಎರಡು ಕೈಗಳ ಚಿತ್ರವಿತ್ತು. ಇದು ಅಮೆರಿಕದ ಜನತೆಯ ಕೊಡುಗೆ, ಮಾರತಕ್ಕದ್ದಲ್ಲ ಎಂಬ ಇಂಗ್ಲಿಷ್ ಬರಹವೂ ಇತ್ತು. ಅದನ್ನು ಓದಿ ಹೇಳಿದವರು ನಮ್ಮ ಮೂರನೆಯ ತರಗತಿಯ ಮಾಸ್ತರರು. ಬಾಳೆಲೆಯ ತುಂಡನ್ನು ಕೈಯಲ್ಲಿ ಹಿಡಿದುಕೊಂಡು ಸಾಲಿನಲ್ಲಿ ನಿಂತಿದ್ದ ನಾನು, ಅಮೆರಿಕವೆಂದರೆ ಅಕ್ಕಿ ಬೆಳೆಯದ ಬಡ ಊರು, ಆದುದರಿಂದಲೇ ಅವರು ಈ ಹುಡಿಯನ್ನು ತಿನ್ನುತ್ತಾರೆ ಎಂದು ಬಹಳ ಕಾಲ ನಂಬಿದ್ದೆ. ಇತಿಹಾಸದ ಕುರಿತಾದ ನನ್ನ ಮೊದಲನೆಯ ತಪ್ಪು ಸಿದ್ಧಾಂತ ಅದು, ಕೊನೆಯದಂತೂ ಅಲ್ಲ.

ಮುಂದೆ ಅಧ್ಯಾಪಕನಾದಾಗ, ಪ್ರತಿ ವರ್ಷ ಪಾಠಭಾಗ ಮುಗಿದ ದಿನ ತರಗತಿಯಲ್ಲಿ ಒಂದು ಚರ್ಚೆಯನ್ನು ಇಟ್ಟುಕೊಳ್ಳುತ್ತಿದ್ದೆ. ಅಮೆರಿಕದ ಇತಿಹಾಸದಲ್ಲಿ ಅಭ್ಯಾಸಕ್ಕೆ ಅತ್ಯಂತ ಸ್ವಾರಸ್ಯಕರವಾದ ದಶಕ ಯಾವುದು? ಒಬ್ಬೊಬ್ಬರು ಹತ್ತು ವರ್ಷಗಳನ್ನು ಆರಿಸಿಕೊಂಡು ಹತ್ತು ನಿಮಿಷ ವಾದಿಸಬೇಕು. ಮಹಾಪುರುಷರ ಹೆಸರನ್ನು ಹಿಡಿದು ನೇತಾಡಬಾರದು. ಕೊನೆಯಲ್ಲಿ ಎಲ್ಲರೂ ಕೈಯೆತ್ತಿ ಮತ ಹಾಕಬೇಕು; ನನಗೂ ಒಂದೇ ಮತ. ಆ ಚರ್ಚೆಗಳ ನೆನಪನ್ನು ಇಂದು ತಮ್ಮ ಮುಂದಿಡುತ್ತೇನೆ. ಒಮ್ಮೆ ನಾನೇ ಪಕ್ಷ ಬದಲಾಯಿಸಿದೆ. ಅದರ ಕಾರಣವನ್ನು ಹೇಳುವುದು ನನ್ನ ಮುಖ್ಯ ಉದ್ದೇಶ.

ಮೊದಲಿಗೆ ಎದ್ದು ನಿಲ್ಲುತ್ತಿದ್ದವರು ಯಾವಾಗಲೂ ರಾಷ್ಟ್ರಜನನದ ಪಕ್ಷದವರು. 1776ರ ಸ್ವಾತಂತ್ರ್ಯ ಘೋಷಣೆ, 1787ರಲ್ಲಿ ಫಿಲಡೆಲ್ಫಿಯಾದಲ್ಲಿ ರಚಿತವಾದ ಸಂವಿಧಾನ, ಇವೇ ಅವರ ಬಂಡವಾಳ. ಎಲ್ಲ ಮನುಷ್ಯರೂ ಸಮಾನರೆಂದು ಸಾರಿದ ದೇಶವೇ ಹನ್ನೊಂದು ವರ್ಷಗಳ ಬಳಿಕ ಐದು ಮಂದಿ ಗುಲಾಮರನ್ನು ಮೂರು ಮಂದಿಯೆಂದು ಎಣಿಸಿ ಪ್ರಾತಿನಿಧ್ಯವನ್ನು ಹಂಚಿಕೊಂಡಿತು. ಆದರೂ 'ಗುಲಾಮ' ಎಂಬ ಪದ ಆ ಸಂವಿಧಾನದಲ್ಲಿ ಎಲ್ಲಿಯೂ ಬಾರದಂತೆ ನೋಡಿಕೊಂಡಿತು. ಸ್ವಾರಸ್ಯವಿಲ್ಲವೆಂದಲ್ಲ. ಆದರೆ ಅಲ್ಲಿಯ ಜನ ಆ ದಶಕಗಳನ್ನು ದೇವರ ಗೂಡಿನಲ್ಲಿಟ್ಟು ಪೂಜಿಸಿ ಪೂಜಿಸಿ, ಕುಂಕುಮದ ಕೆಳಗೆ ವಿಗ್ರಹವೇ ಕಾಣದಂತಾಗಿದೆ. ನನ್ನ ಮತ ಅತ್ತ ಬೀಳಲಿಲ್ಲ.

ಹಲವು ವರ್ಷ ನಾನು 1860ರ ದಶಕದ ಪಕ್ಷದವನಾಗಿದ್ದೆ. ಕಾರಣಗಳು ಸ್ಪಷ್ಟ. 1861ರಿಂದ 1865ರವರೆಗಿನ ಅಂತರ್ಯುದ್ಧದಲ್ಲಿ ಸುಮಾರು ಆರು ಲಕ್ಷ ಇಪ್ಪತ್ತು ಸಾವಿರ ಮಂದಿ ಸತ್ತರೆಂಬುದು ಬಹುಕಾಲದ ಲೆಕ್ಕ. ಸುಮಾರು ನಲವತ್ತು ಲಕ್ಷ ಗುಲಾಮರು ಬಿಡುಗಡೆ ಹೊಂದಿದರು. ನನ್ನನ್ನು ಹಿಡಿದು ನಿಲ್ಲಿಸಿದ್ದು ಇವುಗಳಿಗಿಂತ ಮಿಗಿಲಾಗಿ 1862ನೆಯ ಇಸವಿ. ಸೈನ್ಯಗಳು ಒಂದನ್ನೊಂದು ಕೊಲ್ಲುತ್ತಿದ್ದ ಆ ವರ್ಷವೇ ವಾಷಿಂಗ್ಟನ್ನಿನ ಶಾಸನಸಭೆ ಉಳುವವನಿಗೆ ನೂರ ಅರುವತ್ತು ಎಕರೆ ನೆಲ ಕೊಡುವ ಕಾನೂನನ್ನೂ, ಸಾಗರದಿಂದ ಸಾಗರಕ್ಕೆ ರೈಲುಹಾದಿಯನ್ನು ಹಾಕಿಸುವ ಕಾನೂನನ್ನೂ, ಸರಕಾರಿ ಭೂಮಿಯ ಆದಾಯದಿಂದ ಕೃಷಿ ಕಾಲೇಜುಗಳನ್ನು ತೆರೆಯುವ ಕಾನೂನನ್ನೂ ಮಾಡಿತು. ಆ ಮೂರನೆಯ ಕಾನೂನಿನಿಂದ ಹುಟ್ಟಿದ ಮಾದರಿಯಲ್ಲಿಯೇ 1964ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಸ್ಥಾಪಿತವಾಯಿತು. ಅಮೆರಿಕದ ಟೆನೆಸಿ ವಿಶ್ವವಿದ್ಯಾಲಯ ಅದಕ್ಕೆ ನೆರವಾಯಿತು.

ಇನ್ನೊಂದು ನಂಟು ಇನ್ನೂ ಹತ್ತಿರದ್ದು. ಯುದ್ಧದಿಂದ ದಕ್ಷಿಣದ ಬಂದರುಗಳು ಮುಚ್ಚಿ, ಲಂಕಾಶೈರಿನ ಗಿರಣಿಗಳಿಗೆ ಹತ್ತಿ ಬಾರದಂತಾದಾಗ ಧಾರವಾಡದ ಹತ್ತಿಗೆ ಚಿನ್ನದ ಬೆಲೆ ಬಂದಿತು. ಅದರಲ್ಲಿ ಒಂದು ತಳಿಯಂತೂ 1840ರ ದಶಕದಲ್ಲಿ ಅಮೆರಿಕದಿಂದಲೇ ಬಂದ ಬೀಜದ್ದು. ನಮ್ಮ ಹಳೆಯ ಕನ್ನಡ ಜಿಲ್ಲೆ ಇಬ್ಭಾಗವಾದದ್ದು ಯುದ್ಧಕ್ಕಿಂತ ಮೊದಲೇ. ಆದರೆ 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದುದರ ಹಿಂದೆ, ಆ ಹತ್ತಿಯನ್ನು ಕಾರವಾರದ ಬಂದರಿನಿಂದ ಸಾಗಿಸಬೇಕೆಂಬ ಮುಂಬಯಿ ವರ್ತಕರ ಆಸೆಯಿತ್ತು. ನಾವು ದಕ್ಷಿಣ ಕನ್ನಡದವರಾಗಿ ಮದರಾಸಿನಲ್ಲಿಯೇ ಉಳಿದೆವು. ಗಡಿಗೆರೆಗಳನ್ನು ಎಳೆಯುವವರ ಮನಸ್ಸಿನಲ್ಲಿ ಏನೇನಿರುತ್ತದೆಂದು ಈ ಊರಿನವರಿಗೆ ನಾನು ಹೇಳಬೇಕಾಗಿಲ್ಲ.

1930ರ ದಶಕಕ್ಕೂ ಪ್ರತಿ ವರ್ಷ ಒಬ್ಬಿಬ್ಬರು ವಕೀಲರು ಸಿಗುತ್ತಿದ್ದರು. ಸಾಮಾನ್ಯವಾಗಿ ಅರ್ಥಶಾಸ್ತ್ರದ ಕಡೆಯಿಂದ ಬಂದವರು. ನಾಲ್ವರಲ್ಲಿ ಒಬ್ಬ ದುಡಿಮೆಗಾರನಿಗೆ ಕೆಲಸವಿಲ್ಲದ 1933ನೆಯ ಇಸವಿ, ರೂಸ್‌ವೆಲ್ಟರ ಹೊಸ ಯೋಜನೆಗಳು, 1935ರ ಸಾಮಾಜಿಕ ಭದ್ರತಾ ಕಾನೂನು, ನಮ್ಮ ದಾಮೋದರ ಕಣಿವೆ ನಿಗಮಕ್ಕೆ ಮಾದರಿಯಾದ ಟೆನೆಸಿ ಕಣಿವೆ ಪ್ರಾಧಿಕಾರ. ನನಗೆ ಆ ದಶಕದಲ್ಲಿ ಪ್ರಿಯವಾದದ್ದು ಒಂದು ಸಣ್ಣ ಕೆಲಸ. ನಿರುದ್ಯೋಗಿ ಲೇಖಕರಿಗೆ ಸರಕಾರ ಸಂಬಳ ಕೊಟ್ಟು, ಗುಲಾಮರಾಗಿ ಹುಟ್ಟಿ ಇನ್ನೂ ಬದುಕಿದ್ದ ವೃದ್ಧರ ಮನೆಗಳಿಗೆ ಕಳುಹಿಸಿತು. 1936ರಿಂದ 1938ರವರೆಗೆ ಎರಡು ಸಾವಿರಕ್ಕೂ ಮಿಕ್ಕ ಮಂದಿಯ ಮಾತುಗಳನ್ನು ಬರೆದುಕೊಂಡರು. ಹತ್ತು ವರ್ಷ ತಡವಾಗಿದ್ದರೆ ಹೇಳುವವರೇ ಉಳಿಯುತ್ತಿರಲಿಲ್ಲ. ಈ ಸ್ಮರಣ ಸಂಚಿಕೆಗಾಗಿ ನಮ್ಮ ಮಕ್ಕಳು ಟೇಪು ಹಿಡಿದು ಹಳೆ ವಿದ್ಯಾರ್ಥಿಗಳ ಮನೆ ಹತ್ತಿದುದನ್ನು ಕೇಳಿದಾಗ ನನಗೆ ಅದೇ ನೆನಪಾಯಿತು.

ಹುಡುಗರ ಮತ ಮಾತ್ರ ಹೆಚ್ಚಾಗಿ 1960ರ ದಶಕಕ್ಕೇ. 1960ರ ಫೆಬ್ರವರಿ 1ರಂದು ಉತ್ತರ ಕೆರೊಲಿನಾದ ಗ್ರೀನ್ಸ್‌ಬರೊದಲ್ಲಿ ನಾಲ್ವರು ಕಪ್ಪು ವಿದ್ಯಾರ್ಥಿಗಳು ಬಿಳಿಯರಿಗೆ ಮೀಸಲಾದ ಊಟದ ಕಟ್ಟೆಯ ಮುಂದೆ ಸುಮ್ಮನೆ ಕುಳಿತದ್ದರಿಂದ ಮೊದಲಾಗಿ, 1969ರಲ್ಲಿ ಚಂದ್ರನ ಮೇಲೆ ಮನುಷ್ಯ ಕಾಲಿಟ್ಟದ್ದರವರೆಗೆ ಆ ದಶಕಕ್ಕೆ ಉಸಿರಾಡಲು ಬಿಡುವಿಲ್ಲ. ಮಾರ್ಟಿನ್ ಲೂಥರ್ ಕಿಂಗರು 1959ರಲ್ಲಿ ಭಾರತಕ್ಕೆ ಬಂದಾಗ ತಿರುವನಂತಪುರದ ಒಂದು ಶಾಲೆಗೂ ಹೋಗಿದ್ದರು. ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳು ಓದುತ್ತಿದ್ದ ಶಾಲೆ ಅದು. ಅಲ್ಲಿಯ ಮುಖ್ಯೋಪಾಧ್ಯಾಯರು ಅವರನ್ನು ಅಮೆರಿಕದ ಒಬ್ಬ ಅಸ್ಪೃಶ್ಯರೆಂದು ಮಕ್ಕಳಿಗೆ ಪರಿಚಯಿಸಿದರಂತೆ. ಕೇಳಿ ಮೊದಲು ಸಿಡುಕಾಯಿತು, ಬಳಿಕ ಅದು ನಿಜವೆಂದು ತೋರಿತು ಎಂದು 1965ರ ಒಂದು ಉಪದೇಶದಲ್ಲಿ ಕಿಂಗರೇ ಹೇಳಿಕೊಂಡಿದ್ದಾರೆ. ಪರಿಚಯ ಭಾಷಣ ಮಾಡುವ ಮುಖ್ಯೋಪಾಧ್ಯಾಯರುಗಳಿಗೆ ಇಂಥ ಧೈರ್ಯ ಎಲ್ಲ ಕಾಲದಲ್ಲಿಯೂ ಇರುವುದಿಲ್ಲ. ನಮ್ಮ ಮುಖ್ಯೋಪಾಧ್ಯಾಯರು ಕ್ಷಮಿಸಬೇಕು.

ಇಷ್ಟೆಲ್ಲ ಇದ್ದರೂ ನಾನು 1860ನ್ನು ಬಿಟ್ಟು ಸೇರಿದ್ದು 1960ರ ಪಕ್ಷಕ್ಕಲ್ಲ. ಯಾರೂ ಆರಿಸದ 1920ರ ದಶಕಕ್ಕೆ.

1920ರ ದಶಕವೆಂದರೆ ಪಠ್ಯಪುಸ್ತಕಗಳಲ್ಲಿ ಜಾಸ್ ಸಂಗೀತ, ಮದ್ಯನಿಷೇಧ, ಫೋರ್ಡನ ಮೋಟಾರು, 1929ರ ಷೇರುಪೇಟೆಯ ಕುಸಿತ. ಹೆಂಗಸರಿಗೆ ಮತದಾನದ ಹಕ್ಕು ಬಂದ ಮಾತು ಒಂದು ಸಾಲಿನಲ್ಲಿ ಮುಗಿಯುತ್ತದೆ. ನಾನೂ ಎರಡು ಗಂಟೆಯಲ್ಲಿ ಮುಗಿಸುತ್ತಿದ್ದೆ. ಒಮ್ಮೆ ಪ್ರಶ್ನೆಪತ್ರಿಕೆಗಾಗಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯದ ಹಳೆಯ ತೀರ್ಪುಗಳನ್ನು ತಿರುವಿಹಾಕುತ್ತಿದ್ದಾಗ ಒಬ್ಬ ಶಾಲಾ ಮಾಸ್ತರರ ಮೊಕದ್ದಮೆ ಕಣ್ಣಿಗೆ ಬಿತ್ತು.

ಹಿನ್ನೆಲೆ ಹೀಗಿದೆ. 1917ರ ಏಪ್ರಿಲಿನಲ್ಲಿ ಅಮೆರಿಕ ಜರ್ಮನಿಯ ವಿರುದ್ಧ ಯುದ್ಧಕ್ಕಿಳಿಯಿತು. ಎರಡು ಮೂರು ತಲೆಮಾರುಗಳಿಂದ ಅಲ್ಲಿ ನೆಲೆಸಿ, ಹೊಲ ಮಾಡಿಕೊಂಡು, ಮನೆಯಲ್ಲಿ ಮತ್ತು ಇಗರ್ಜಿಯಲ್ಲಿ ಜರ್ಮನ್ ಮಾತನಾಡುತ್ತಿದ್ದವರು ಒಂದೇ ದಿನದಲ್ಲಿ ಸಂಶಯಕ್ಕೆ ಗುರಿಯಾದರು. ಜರ್ಮನ್ ಹೆಸರಿನ ಹುಳಿಗೋಸಿನ ಪದಾರ್ಥಕ್ಕೆ 'ಸ್ವಾತಂತ್ರ್ಯ ಕೋಸು' ಎಂದು ನಾಮಕರಣವಾಯಿತು. ಅದು ನಗುವ ಭಾಗ. 1918ರ ಏಪ್ರಿಲಿನಲ್ಲಿ ಇಲಿನಾಯಿ ರಾಜ್ಯದಲ್ಲಿ ಜರ್ಮನ್ ಮೂಲದ ಗಣಿ ಕಾರ್ಮಿಕನೊಬ್ಬನನ್ನು ಜನರ ಗುಂಪು ಮರಕ್ಕೆ ನೇಣುಹಾಕಿತು. ಮರುತಿಂಗಳು ಅಯೋವಾ ರಾಜ್ಯದ ಗವರ್ನರರು ಶಾಲೆಯಲ್ಲಿ, ರೈಲಿನಲ್ಲಿ, ಬೀದಿಯಲ್ಲಿ, ಟೆಲಿಫೋನಿನಲ್ಲಿ ಸಹ ಇಂಗ್ಲಿಷಲ್ಲದ ಭಾಷೆಯನ್ನಾಡಕೂಡದೆಂದು ಘೋಷಣೆ ಹೊರಡಿಸಿದರು. ಯುದ್ಧ ಮುಗಿಯಿತು, ಆದರೆ ಭಯ ಮುಗಿಯಲಿಲ್ಲ. 1919ರ ಏಪ್ರಿಲಿನಲ್ಲಿ ನೆಬ್ರಾಸ್ಕಾ ರಾಜ್ಯ, ಯಾವ ಶಾಲೆಯಲ್ಲಿಯೂ ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯಲ್ಲಿ ಪಾಠ ಹೇಳಬಾರದು, ಎಂಟನೆಯ ತರಗತಿ ಮುಗಿಸದ ಮಗುವಿಗೆ ಬೇರೆ ಭಾಷೆಯನ್ನು ಕಲಿಸಲೂ ಬಾರದು ಎಂದು ಕಾನೂನು ಮಾಡಿತು.

ಆ ರಾಜ್ಯದ ಹ್ಯಾಂಪ್ಟನ್ ಎಂಬ ಹಳ್ಳಿಯ ಲೂಥರನ್ ಶಾಲೆಯಲ್ಲಿ ರಾಬರ್ಟ್ ಮೇಯರ್ ಎಂಬವರು ಮಾಸ್ತರರು. ಶಾಲೆಯ ಪಾಠಗಳನ್ನೆಲ್ಲ ಇಂಗ್ಲಿಷಿಗೆ ತಿರುಗಿಸಿದ್ದರು. ಆದರೆ ಮಕ್ಕಳು ಮನೆಯ ಪ್ರಾರ್ಥನೆಯನ್ನೂ ಇಗರ್ಜಿಯ ಉಪದೇಶವನ್ನೂ ಅರಿಯಬೇಕೆಂಬುದು ಹೆತ್ತವರ ಅಪೇಕ್ಷೆ. ಅದಕ್ಕಾಗಿ ಮಧ್ಯಾಹ್ನದ ಬಿಡುವನ್ನು ಅರ್ಧ ಗಂಟೆ ಹಿಗ್ಗಿಸಿ, ಅದು ಶಾಲೆಯ ವೇಳೆಯಲ್ಲವೆಂದು ಲೆಕ್ಕಹಾಕಿ, ಆ ಅರ್ಧ ಗಂಟೆಯಲ್ಲಿ ಬೈಬಲಿನ ಕಥೆಗಳನ್ನು ಜರ್ಮನಿನಲ್ಲಿ ಓದಿಸುತ್ತಿದ್ದರು. 1920ರ ಮೇ 25ರಂದು ಹತ್ತು ವರ್ಷದ ಹುಡುಗನೊಬ್ಬ ಓದುತ್ತಿದ್ದಾಗ ಸರಕಾರಿ ವಕೀಲರು ಬಂದರು. ಅವರನ್ನು ಕಂಡ ಮೇಯರರಿಗೆ ಇಂಗ್ಲಿಷಿಗೆ ಹೊರಳಲು ಸಮಯವಿತ್ತು. ಹೊರಳಿದ್ದರೆ ಏನೂ ಆಗುತ್ತಿರಲಿಲ್ಲವೆಂದು ಅವರಿಗೆ ತಿಳಿದೂ ಇತ್ತು. ಅವರು ಜರ್ಮನಿನಲ್ಲಿಯೇ ಮುಂದುವರಿಸಿದರು. ಇಪ್ಪತ್ತೈದು ಡಾಲರ್ ದಂಡ ಬಿತ್ತು. ಅದನ್ನು ಕೊಟ್ಟು ಕೈತೊಳೆದುಕೊಳ್ಳದೆ ಮೇಲಿನ ನ್ಯಾಯಾಲಯಕ್ಕೆ ಹೋದರು. ರಾಜ್ಯದ ನ್ಯಾಯಾಲಯದಲ್ಲಿ ಸೋತರು. 1923ರ ಜೂನ್ 4ರಂದು ಸರ್ವೋಚ್ಚ ನ್ಯಾಯಾಲಯ ಏಳಕ್ಕೆ ಎರಡರ ಬಹುಮತದಿಂದ ಅವರನ್ನು ಗೆಲ್ಲಿಸಿತು. ಕಲಿಸುವ ಮಾಸ್ತರರ ಹಕ್ಕು, ಕಲಿಸಲು ಅವರನ್ನು ನೇಮಿಸಿಕೊಳ್ಳುವ ಹೆತ್ತವರ ಹಕ್ಕು, ಇವೆರಡೂ ಸ್ವಾತಂತ್ರ್ಯ ಎಂಬ ಪದದ ಒಳಗೇ ಇವೆ ಎಂದು ತೀರ್ಪು.

ಮುಳಿಹುಲ್ಲಿನ ಮಾಡಿನ ಕೆಳಗೆ ನಮ್ಮ ಈ ಶಾಲೆ ಆರಂಭವಾದದ್ದು ಅದೇ ದಶಕದಲ್ಲಿ. ಅಂದು ಇಲ್ಲಿ ಕನ್ನಡ ಕಲಿಸುವುದಕ್ಕೆ ಯಾರ ಅಡ್ಡಿಯೂ ಇರಲಿಲ್ಲ. ನಾವು ಗಡಿಯವರೆಂಬುದು 1956ರ ನವೆಂಬರ್ 1ರವರೆಗೆ ನಮಗೇ ಗೊತ್ತಿರಲಿಲ್ಲ.

ಇಷ್ಟೇ ಆಗಿದ್ದರೆ ಅದೊಂದು ಸಂತೋಷದ ಕಥೆ. ದಶಕವನ್ನು ನಾನು ಆರಿಸಿದ್ದು ಅದರ ಇನ್ನೊಂದು ಮುಖಕ್ಕಾಗಿ. ಅದೇ ವರ್ಷ ಫೆಬ್ರವರಿ 19ರಂದು, ಅಂದರೆ ಮೂರೂವರೆ ತಿಂಗಳು ಮುಂಚೆ, ಅದೇ ನ್ಯಾಯಾಲಯ ಭಗತ್ ಸಿಂಗ್ ಥಿಂದ್ ಎಂಬ ಪಂಜಾಬಿನವರ ಮೊಕದ್ದಮೆಯನ್ನು ತೀರ್ಮಾನಿಸಿತ್ತು. ಥಿಂದ್ ಯುದ್ಧಕಾಲದಲ್ಲಿ ಅಮೆರಿಕದ ಸೈನ್ಯದಲ್ಲಿ ದುಡಿದವರು. ಪೌರತ್ವ ಬಿಳಿಯರಿಗೆ ಉಂಟು ಎಂದಿತ್ತು ಕಾನೂನು. ತಾನು ಆರ್ಯ ಕುಲದ ಮೇಲ್ಜಾತಿಯವನಾದುದರಿಂದ ಬಿಳಿಯರ ಗುಂಪಿಗೇ ಸೇರಿದವನೆಂದು ಅವರ ಪರವಾದ ವಾದ. ಕೆಳಜಾತಿಯವರನ್ನು ನಾವೂ ದೂರವಿಡುತ್ತೇವೆ ಎಂಬುದನ್ನು ಅರ್ಹತೆಯೆಂಬಂತೆ ಅಲ್ಲಿ ಮುಂದಿಟ್ಟಿದ್ದರು. ಓದುವಾಗ ನಮಗೆ ತಲೆ ತಗ್ಗುತ್ತದೆ. ಸಾಮಾನ್ಯ ಮನುಷ್ಯನ ಕಣ್ಣಿಗೆ ಭಾರತೀಯನು ಬಿಳಿಯನಲ್ಲ ಎಂದು ನ್ಯಾಯಾಲಯ ಒಮ್ಮತದಿಂದ ತಳ್ಳಿಹಾಕಿತು. ಅದರ ಬೆನ್ನಿಗೆ, ಮೊದಲೇ ಪೌರರಾಗಿದ್ದ ಭಾರತೀಯರ ಪೌರತ್ವವನ್ನೂ ಕಿತ್ತುಕೊಳ್ಳತೊಡಗಿದರು. ಹಾಗೆ ಕಳೆದುಕೊಂಡ ವೈಷ್ಣೋದಾಸ್ ಬಗಾಯ್ ಎಂಬ ವ್ಯಾಪಾರಿ 1928ರಲ್ಲಿ, ಕಾರಣವನ್ನು ಪತ್ರದಲ್ಲಿ ಬರೆದಿಟ್ಟು, ಪ್ರಾಣ ಕಳೆದುಕೊಂಡರು.

ಥಿಂದ್ ತೀರ್ಪನ್ನು ಬರೆದ ನ್ಯಾಯಾಧೀಶ ಸದರ್ಲೆಂಡರು ಮೇಯರರ ಮೊಕದ್ದಮೆಯಲ್ಲಿ ಭಿನ್ನಮತ ಕೊಟ್ಟ ಇಬ್ಬರಲ್ಲಿ ಒಬ್ಬರು. ಇನ್ನೊಬ್ಬರು, ಉದಾರವಾದಿಗಳೆಂದು ಜಗತ್ತೇ ಕೊಂಡಾಡುವ ಹೋಮ್ಸರು! ಮೇಯರರನ್ನು ಗೆಲ್ಲಿಸುವ ತೀರ್ಪನ್ನು ಬರೆದವರಾದರೋ ಮೆಕ್‌ರೆನಾಲ್ಡ್ಸ್ ಎಂಬವರು; ಯೆಹೂದಿ ಎಂಬ ಕಾರಣಕ್ಕಾಗಿ ಸಹ ನ್ಯಾಯಾಧೀಶ ಬ್ರಾಂಡೈಸರ ಜೊತೆ ಮಾತನಾಡುವುದನ್ನೇ ಬಿಟ್ಟವರು. ಒಳ್ಳೆಯವರೆಲ್ಲ ಒಂದು ಕಡೆ, ಕೆಟ್ಟವರೆಲ್ಲ ಒಂದು ಕಡೆ ಎಂಬ ಯಕ್ಷಗಾನದ ಎರಡು ಪಾಳೆಯ ಇಲ್ಲಿ ಸಿಗುವುದಿಲ್ಲ. 1924ರಲ್ಲಿ ಮೂಲನಿವಾಸಿಗಳಿಗೆಲ್ಲ ಪೌರತ್ವ ಬಂದಿತು. ಆದರೂ ಸರಕಾರದ ವಸತಿಶಾಲೆಗಳಲ್ಲಿ ಅವರ ಮಕ್ಕಳು ತಾಯಿನುಡಿಯನ್ನಾಡಿದರೆ ಶಿಕ್ಷೆಯಾಗುತ್ತಿತ್ತು. ಮೇಯರರ ಗೆಲುವು ಅವರ ಬಾಗಿಲಿಗೆ ತಲುಪಲಿಲ್ಲ. ಅದೇ 1924ರ ವಲಸೆ ಕಾನೂನು ಏಷ್ಯಾದವರಿಗೆ ಬಾಗಿಲನ್ನು ಭದ್ರವಾಗಿ ಹಾಕಿತು. ಅದು ನಿಜವಾಗಿ ತೆರೆದದ್ದು 1965ರಲ್ಲಿ.

ಆ ತೀರ್ಪನ್ನು ಇಲ್ಲಿ ನಿಂತು ಹೊಗಳುವಾಗ ಒಂದು ಎಚ್ಚರವನ್ನೂ ಹೇಳಬೇಕು. ಇಂಗ್ಲಿಷಿನಲ್ಲಿಯೇ ಪಾಠ ನಡೆಯಬೇಕೆಂದು ವಿಧಿಸುವ ರಾಜ್ಯದ ಅಧಿಕಾರವನ್ನು ತಾವು ಪ್ರಶ್ನಿಸುವುದಿಲ್ಲವೆಂದು ನ್ಯಾಯಾಧೀಶರು ಅದರಲ್ಲಿಯೇ ಬರೆದಿದ್ದಾರೆ. ಎಂದರೆ ಉಳಿದದ್ದು ಆ ಅರ್ಧ ಗಂಟೆ. ನಮ್ಮಂಥ ಶಾಲೆ, ಲೆಕ್ಕವನ್ನೂ ವಿಜ್ಞಾನವನ್ನೂ ಕನ್ನಡದಲ್ಲಿ ಹೇಳುವ ಶಾಲೆ, ಆ ತೀರ್ಪಿನ ನೆರಳಿನಲ್ಲಿ ಬದುಕಲಾರದು. ಭಾಷಾ ಅಲ್ಪಸಂಖ್ಯಾತರು ತಮಗೆ ಬೇಕಾದ ವಿದ್ಯಾಸಂಸ್ಥೆಯನ್ನು ಸ್ಥಾಪಿಸಿ ನಡೆಸಬಹುದೆಂಬ ನಮ್ಮ ಸಂವಿಧಾನದ 30ನೆಯ ವಿಧಿ, ಪ್ರಾಥಮಿಕ ಹಂತದಲ್ಲಿ ತಾಯಿನುಡಿಯ ಶಿಕ್ಷಣಕ್ಕೆ ಅನುಕೂಲ ಒದಗಿಸಬೇಕೆನ್ನುವ 350ಎ ವಿಧಿ, ಇವು ಕಾಗದದ ಮೇಲಾದರೂ ಅದಕ್ಕಿಂತ ದೂರ ಹೋಗಿವೆ. ಕಾಗದದಿಂದ ತರಗತಿಯವರೆಗಿನ ಹಾದಿ ಎಷ್ಟು ಉದ್ದವೆಂಬುದನ್ನು ಇಲ್ಲಿ ಕುಳಿತ ಅಧ್ಯಾಪಕರು ಬಲ್ಲರು.

ಹೆತ್ತವರ ಮುಂದೆ ಒಂದು ಮಾತನ್ನು ಮುಚ್ಚಿಡಲಾರೆ. ನನ್ನ ಮಗಳನ್ನು ನಾನು ಈ ಶಾಲೆಗೆ ಸೇರಿಸಲಿಲ್ಲ. ಆಂಗ್ಲ ಮಾಧ್ಯಮಕ್ಕೆ ಹಾಕಿದೆ. ಅಂದು ನನ್ನ ಗುರುಗಳೊಬ್ಬರು ದಾರಿಯಲ್ಲಿ ಸಿಕ್ಕಿ, "ನೀನೂ ಹೀಗೆ ಮಾಡಿದೆಯಲ್ಲ ಮಾರಾಯ" ಎಂದಷ್ಟೇ ಹೇಳಿ ನಡೆದರು. ಮೇಯರರ ಮೊಕದ್ದಮೆಯನ್ನು ಓದಿದ ರಾತ್ರಿ ನನಗೆ ಆ ಮಾತು ನೆನಪಾಯಿತು. ಹ್ಯಾಂಪ್ಟನ್ನಿನ ರೈತರಿಂದ ಸರಕಾರ ಕಿತ್ತುಕೊಳ್ಳಲು ಬಂದದ್ದನ್ನು ನಾನು ಯಾರೂ ಕೇಳದೆಯೇ ಬಿಟ್ಟುಕೊಟ್ಟಿದ್ದೆ. ಮಗಳು ಈಗ ಅಮೆರಿಕದಲ್ಲಿದ್ದಾಳೆ. ಅವಳ ಮಗ ಪ್ರತಿ ಆದಿತ್ಯವಾರ ಅಲ್ಲಿಯ ಕನ್ನಡಿಗರು ನಡೆಸುವ ತರಗತಿಗೆ ಹೋಗಿ ಕಾಗುಣಿತ ತಿದ್ದುತ್ತಾನೆ. 'ಅಜ್ಜ' ಎಂಬುದಕ್ಕೆ ಒತ್ತು ಹಾಕಲು ಮರೆತು 'ಅಜ' ಎಂದು ಬರೆದು ಕಳುಹಿಸಿದ್ದ. ಆಡಾದರೂ ಆಗಲಿ, ಕನ್ನಡದ ಆಡು ಎಂದು ಅದನ್ನು ಜೋಪಾನವಾಗಿ ಇಟ್ಟುಕೊಂಡಿದ್ದೇನೆ.

ಸೇವೆಯ ಕೊನೆಯ ವರ್ಷದ ಚರ್ಚೆಯಲ್ಲಿ ಇವನ್ನೆಲ್ಲ ಹೇಳಿ, 1920ರ ದಶಕಕ್ಕಾಗಿ ನನ್ನಿಂದಾದಷ್ಟು ಚೆನ್ನಾಗಿ ವಾದಿಸಿದೆ. ತರಗತಿ ಸ್ತಬ್ಧವಾಗಿತ್ತು; ಗೆದ್ದೆನೆಂದುಕೊಂಡೆ. ಆಗ ಹಿಂದಿನ ಬೆಂಚಿನಿಂದ ಒಬ್ಬ ವಿದ್ಯಾರ್ಥಿನಿ ಎದ್ದಳು. "ಸರ್, ಮೇಯರರು ಗೆದ್ದದ್ದು ಯಾವ ಪದದಿಂದ?" ಎಂದು ಕೇಳಿದಳು. ಸ್ವಾತಂತ್ರ್ಯ ಎಂಬ ಪದದಿಂದ ಎಂದೆ. "ಅದು ಎಲ್ಲಿದೆ?" ಸಂವಿಧಾನದ ಹದಿನಾಲ್ಕನೆಯ ತಿದ್ದುಪಡಿಯಲ್ಲಿ ಎಂದೆ. "ಅದು ಬಂದದ್ದು 1868ರಲ್ಲಿ ಅಲ್ಲವೆ ಸರ್? ಬಿಡುಗಡೆಗೊಂಡ ಗುಲಾಮರಿಗಾಗಿ ಬರೆದ ಪದ. ಅವರ ಮಕ್ಕಳಿಗೆ ಅದು ದಕ್ಕಲಿಲ್ಲ, ಜರ್ಮನರ ಮಕ್ಕಳಿಗೆ ದಕ್ಕಿತು. ಹಾಗಾದರೆ ತಾವು ಹೇಳಿದ ದಶಕ ನಮ್ಮ ದಶಕದ ಸಾಲದಲ್ಲಿದೆ" ಎಂದು ಹೇಳಿ ಕುಳಿತಳು.

ನನ್ನ ಹಳೆಯ ಪಕ್ಷದ ಆಯುಧದಿಂದಲೇ ನನ್ನನ್ನು ಹೊಡೆದಿದ್ದಳು. ಮತ ಎಣಿಸಿದಾಗ 1860ರ ದಶಕ ಗೆದ್ದಿತು. 1920ಕ್ಕೆ ಬಿದ್ದದ್ದು ನಾಲ್ಕು ಮತ, ನನ್ನದೂ ಸೇರಿ. ಅವಳಿಗೆ ಕೊಡಬೇಕಾದ ಉತ್ತರವನ್ನು ನಾನು ಇನ್ನೂ ಹುಡುಕುತ್ತಿದ್ದೇನೆ. ದಶಕವೆಂಬುದು ಪಂಚಾಂಗದವರು ಎಳೆದ ಗೆರೆ, ಪದಗಳು ಅದನ್ನು ದಾಟಿ ಓಡಾಡುತ್ತವೆ ಎಂದು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಆದರೆ ಚರ್ಚೆಯ ನಿಯಮವನ್ನು ಮಾಡಿದವನು ನಾನೇ.

ಇಂದು ಅಪರಾಹ್ನ ಎರಡೂವರೆಗೆ ಇದೇ ಸಭಾಂಗಣದಲ್ಲಿ ನಮ್ಮ ಶಾಲೆಯ ಹತ್ತನೆಯ ತರಗತಿಯ ಮಕ್ಕಳು ಈ ಚರ್ಚೆಯನ್ನು ಕನ್ನಡದಲ್ಲಿ ನಡೆಸುವವರಿದ್ದಾರೆ. ತೀರ್ಪುಗಾರನಾಗಿ ಕುಳಿತುಕೊಳ್ಳಬೇಕೆಂದು ಕೇಳಿದರು, ನಾನು ಒಪ್ಪಲಿಲ್ಲ. 1920ರ ಪಕ್ಷದ ಬೆಂಚಿನಲ್ಲಿ ಒಂದು ಜಾಗ ಖಾಲಿಯಿದೆಯೆಂದು ತಿಳಿಯಿತು. ಅಲ್ಲಿರುತ್ತೇನೆ.